ಕೊಡಗಿನ ಮಳೆಗಾಲಕ್ಕೆ ಯಾವ ಡ್ರೈಯರ್? ಬಟ್ಟೆಯಲ್ಲಿರುವ ನೀರನ್ನು ಲೀಟರ್ ಲೆಕ್ಕದಲ್ಲಿ ಅಳೆದು ನೋಡಿ

ಜೂನ್ ಎರಡನೇ ವಾರ ದಾಟಿತೆಂದರೆ ನಮ್ಮ ಜಗಲಿಯಲ್ಲಿ ನಡೆದಾಡಲು ಜಾಗ ಇರುವುದಿಲ್ಲ, ಅಡ್ಡಡ್ಡ ಕಟ್ಟಿದ ಹಗ್ಗಗಳ ತುಂಬ ಬಟ್ಟೆ. ಮೂರು ದಿನ ನೇತಾಡಿದ ಯೂನಿಫಾರ್ಮ್ ಮುಟ್ಟಿದರೆ ಇನ್ನೂ ತಣ್ಣಗಿರುತ್ತದೆ. ನಾಲ್ಕನೇ ದಿನಕ್ಕೆ ಮುಗ್ಗಲು ವಾಸನೆ. ಕಕ್ಕಡ (ಜುಲೈ ನಡುವಿನಿಂದ ಶುರುವಾಗುವ ಕೊಡವರ ತಿಂಗಳು) ಬರುವಷ್ಟರಲ್ಲಿ ಕಾಲರಿನ ಮೇಲೆ ಕಪ್ಪು ಚುಕ್ಕೆ ಬಿದ್ದಿರುತ್ತದೆ, ಅದು ಯಾವ ಸೋಪಿಗೂ ಹೋಗುವುದಿಲ್ಲ. ನಾಪೋಕ್ಲು ಕಡೆ ತೋಟದ ಮನೆಯಲ್ಲಿದ್ದುಕೊಂಡು ಎರಡು ಕೋಣೆಯ ಹೋಂಸ್ಟೇಯನ್ನೂ ನಡೆಸುವ ನನಗೆ ಪರಿಚಯದವರಿಂದ ಮಳೆಗಾಲದಲ್ಲಿ ಬರುವ ಪ್ರಶ್ನೆ ಒಂದೇ: "ಡ್ರೈಯರ್ ತಗೊಳ್ಳೋದಾ ಅಕ್ಕ? ಯಾವುದು ಒಳ್ಳೇದು? ಕರೆಂಟ್ ಬಿಲ್ ಎಷ್ಟು ಬರ್ತದೆ?"

ಈ ಮೂರು ಪ್ರಶ್ನೆಗೂ ಉತ್ತರ ಒಂದೇ ಕಡೆಯಿಂದ ಶುರುವಾಗುತ್ತದೆ: ನಿಮ್ಮ ಬಟ್ಟೆಯಲ್ಲಿ ಎಷ್ಟು ಲೀಟರ್ ನೀರಿದೆ, ಒಂದೊಂದು ಲೀಟರನ್ನು ಹೊರಗೆ ಹಾಕಲು ಎಷ್ಟು ಯೂನಿಟ್ ಖರ್ಚಾಗುತ್ತದೆ? ಯಂತ್ರದ ಬೆಲೆ, ಬಣ್ಣ, ಎಷ್ಟು ಪ್ರೋಗ್ರಾಂ ಇದೆ ಎಂಬುದೆಲ್ಲ ಆಮೇಲಿನ ಮಾತು.

ಒಂದು ಲೀಟರ್ ನೀರು ಬಟ್ಟೆಯಿಂದ ಆವಿಯಾಗಿ ಹೋಗಲು ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಇದು ನೀರಿನ ಗುಣ. ಯಾವ ಕಂಪನಿಯ ಯಂತ್ರವಾದರೂ ನೀರು ಕೇಳುವ ಶಾಖ ಅಷ್ಟೇ. ಹೀಟರ್ ಇರುವ ಡ್ರೈಯರ್ ಆ ಶಾಖವನ್ನೆಲ್ಲ ಕರೆಂಟಿನಿಂದಲೇ ಹುಟ್ಟಿಸಬೇಕು. ಅದರ ಮೇಲೆ ಡ್ರಮ್ಮು, ಬಟ್ಟೆ, ಗಾಳಿ ಬಿಸಿಯಾಗುವ ಖರ್ಚೂ ಸೇರಿ ಲೀಟರಿಗೆ ಒಂದು ಯೂನಿಟ್ ದಾಟುತ್ತದೆ. ಹಾಗಾಗಿ ಕಾಯಿಸುವ ಮೊದಲೇ ಹಿಂಡಿ ತೆಗೆದ ನೀರೆಲ್ಲ ಉಳಿತಾಯ.

ಮೊದಲು ಹಿಂಡುವ ವಿಚಾರ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹೆಚ್ಚಿನವರ ದುಡ್ಡು ಉಳಿಯುವುದು ಇಲ್ಲೇ, ಅದೂ ಹೊಸದೇನೂ ಕೊಳ್ಳದೆ.

ಐದು ಕೆಜಿ ಒಣ ಬಟ್ಟೆ ಒಗೆದಿರಿ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 700 ಸುತ್ತಿನ ಟಾಪ್ ಲೋಡ್ ಮೆಷಿನ್ ಸ್ಪಿನ್ ಮುಗಿಸಿದಾಗ ಅದರಲ್ಲಿ ಇನ್ನೂ ನಾಲ್ಕು ಲೀಟರಿನ ಆಸುಪಾಸು ನೀರು ಉಳಿದಿರುತ್ತದೆ. 1000 ಸುತ್ತಿನ ಫ್ರಂಟ್ ಲೋಡ್ ಆದರೆ ಸುಮಾರು ಮೂರು ಲೀಟರ್. 1400 ಸುತ್ತಾದರೆ ಎರಡೂವರೆ. ಟಾಪ್ ಲೋಡಿಗೂ ಒಳ್ಳೆಯ ಫ್ರಂಟ್ ಲೋಡಿಗೂ ನಡುವಿನ ಆ ಒಂದೂವರೆ ಲೀಟರನ್ನು ಹೀಟರ್ ಡ್ರೈಯರ್‌ನಲ್ಲಿ ತೆಗೆಯಲು ಒಂದೂವರೆ ಯೂನಿಟ್ಟಿಗೂ ಹೆಚ್ಚು ಬೇಕು. ಅದೇ ನೀರನ್ನು ಸ್ಪಿನ್ ತೆಗೆಯುವುದು ಕೆಲವೇ ನಿಮಿಷದಲ್ಲಿ, ಯೂನಿಟ್ಟಿನ ಹತ್ತನೇ ಒಂದು ಭಾಗವೂ ಖರ್ಚಾಗದೆ.

ಹಳೆಯ ಸೆಮಿ ಆಟೋಮ್ಯಾಟಿಕ್ ಮೆಷಿನ್ ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದರ ಹಿಂಡುವ ತೊಟ್ಟಿ ಚಿಕ್ಕದು, ಆದರೆ ನಿಮಿಷಕ್ಕೆ 1300ಕ್ಕೂ ಮೇಲೆ ತಿರುಗುತ್ತದೆ. ಹಿಂಡುವ ಬಲ ತೊಟ್ಟಿಯ ಅಗಲದ ಜೊತೆ ನೇರವಾಗಿ ಏರಿದರೆ ವೇಗದ ಜೊತೆ ವರ್ಗವಾಗಿ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅದಕ್ಕೇ ಅಷ್ಟು ಚಿಕ್ಕ ತೊಟ್ಟಿಯೂ ದೊಡ್ಡ ಟಾಪ್ ಲೋಡಿಗಿಂತ ಚೆನ್ನಾಗಿ ಹಿಂಡುತ್ತದೆ. ಬರೀ ಹಿಂಡುವ ಸ್ಪಿನ್ನರ್ ಪ್ರತ್ಯೇಕವಾಗಿಯೂ ಸಿಗುತ್ತದೆ, ಡ್ರೈಯರಿನ ಬೆಲೆಯ ಒಂದು ಸಣ್ಣ ಪಾಲಿಗೆ. ಟಾಪ್ ಲೋಡ್ ಇಟ್ಟುಕೊಂಡಿರುವ ಮನೆಗೆ ನನ್ನ ಮೊದಲ ಸಲಹೆ ಡ್ರೈಯರ್ ಅಲ್ಲ, ಸ್ಪಿನ್ನರ್.

ನಿಮ್ಮ ಮೆಷಿನ್ ಎಷ್ಟು ಹಿಂಡುತ್ತದೆ ಎಂದು ತಿಳಿಯಲು ಕಾಫಿ ತೂಗುವ ತಕ್ಕಡಿಯೇ ಸಾಕು. ಒಣ ಬಟ್ಟೆಯನ್ನು ಒಗೆಯುವ ಮೊದಲು ತೂಗಿ, ಸ್ಪಿನ್ ಆದ ಮೇಲೆ ಮತ್ತೆ ತೂಗಿ. ಹೆಚ್ಚಾದ ಪ್ರತಿ ಕೆಜಿಯೂ ಒಂದು ಲೀಟರ್ ನೀರು. ಆಮೇಲೆ ಅದೇ ಬಟ್ಟೆಗೆ ಬರೀ ಸ್ಪಿನ್ ಇನ್ನೊಂದು ಸಲ ಕೊಟ್ಟು ತೂಗಿ ನೋಡಿ. ಜೀನ್ಸು ಮತ್ತು ಟರ್ಕಿ ಟವಲಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ಟವಲಿನ ಮಾತು ಬಂತು, ಮಳೆಗಾಲದ ನಾಲ್ಕು ತಿಂಗಳು ಮನೆಮಂದಿ ತೆಳ್ಳಗಿನ ಬೈರಾಸಿಗೆ ಮರಳಿದರೆ ಅರ್ಧ ತಲೆನೋವು ಅಲ್ಲೇ ಕಡಿಮೆಯಾಗುತ್ತದೆ. ನಮ್ಮಲ್ಲಿ ಹೋಂಸ್ಟೇ ಅತಿಥಿಗಳಿಗೆ ಮಾತ್ರ ದಪ್ಪ ಟವಲು.

ಜಗಲಿಯ ಗಾಳಿ ಎಲ್ಲಿಯವರೆಗೆ?

ಮಳೆಗಾಲದಲ್ಲಿ ಹೊರಗೆ ನೇತುಹಾಕಿ ಪ್ರಯೋಜನವಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಹತ್ತಿ ಬಟ್ಟೆ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಷ್ಟು ನೀರನ್ನು ಸದಾ ಹಿಡಿದಿಟ್ಟುಕೊಂಡಿರುತ್ತದೆ. ಆರ್ದ್ರತೆ ಶೇಕಡಾ 65 ಇರುವಾಗ, ನಮಗೆ ಒಣಗಿದೆ ಎನಿಸುವ ಹತ್ತಿಯಲ್ಲೂ ಅದರ ತೂಕದ ಶೇಕಡಾ 8.5ರಷ್ಟು ನೀರಿರುತ್ತದೆ. ಆರ್ದ್ರತೆ 90 ದಾಟಿದಾಗ ಅದು ಒಂದೂವರೆ ಪಟ್ಟಿಗೂ ಮೇಲೇರುತ್ತದೆ. ಬಟ್ಟೆ ಒಣಗಿದರೂ ಒಣಗಿದಂತೆ ಅನಿಸದಿರುವುದು, ಬೂಸ್ಟು ಹಿಡಿಯುವುದು ಈ ಕೊನೆಯ ತೇವದಿಂದ. ಆದರೆ ಮೊದಲಿನ ನೀರನ್ನು ಜಗಲಿಯ ಗಾಳಿ ಪುಕ್ಕಟೆಯಾಗಿ ತೆಗೆದುಕೊಂಡು ಹೋಗುತ್ತದೆ. ಮೂರು ಲೀಟರಿನಲ್ಲಿ ಎರಡು ಲೀಟರನ್ನು ಗಾಳಿಗೆ ಬಿಟ್ಟು ಉಳಿದ ಒಂದಕ್ಕೆ ಮಾತ್ರ ಕರೆಂಟ್ ಖರ್ಚು ಮಾಡುವುದು ನಾನು ಕಂಡುಕೊಂಡ ದಾರಿ. ಪಾರ್ಚ್‌ಮೆಂಟ್ ಕಾಫಿಯ (ಸಿಪ್ಪೆ ಸುಲಿದು ತೊಳೆದ ಬೀಜ) ನೀರು ಸೋರಿಹೋಗುವ ಮೊದಲೇ ಯಾರೂ ಅದನ್ನು ಡ್ರೈಯರಿಗೆ ಹಾಕುವುದಿಲ್ಲವಲ್ಲ, ಹಾಗೇ ಇದೂ.

ಇದಕ್ಕೊಂದು ಫ್ಯಾನ್ ಬೇಕು. ಕಡಿಮೆ ಕರೆಂಟಿನಲ್ಲಿ ಓಡುವ 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆ ತಿರುಗಿದರೂ ಕಾಲು ಯೂನಿಟ್. ಹಗ್ಗದಿಂದ ಹಗ್ಗಕ್ಕೆ ಒಂದು ಗೇಣಾದರೂ ಅಂತರವಿರಲಿ, ಪ್ಯಾಂಟನ್ನು ಒಳಹೊರಗು ಮಾಡಿ ಸೊಂಟದಿಂದ ನೇತುಹಾಕಿ. ಮಂಜು ಜಗಲಿಯೊಳಗೇ ನುಗ್ಗುವ ದಿನ ಮಾತ್ರ ಇದೂ ಕೆಲಸ ಮಾಡುವುದಿಲ್ಲ. ಭಾಗಮಂಡಲ, ಗಾಳಿಬೀಡು ಕಡೆಯವರಿಗೆ ಅಂಥ ದಿನಗಳು ಸಾಲಾಗಿ ಬರುತ್ತವೆ. ಕುಶಾಲನಗರದಲ್ಲಿರುವ ನನ್ನ ತಂಗಿಗೆ ಮಾತ್ರ ಇಷ್ಟೇ ಸಾಕು. ಅವಳಿಗೆ ಡ್ರೈಯರೇ ಬೇಡ ಎಂದು ಖಂಡಿತವಾಗಿ ಹೇಳಿದ್ದೇನೆ. ಒಂದೇ ಜಿಲ್ಲೆಯಾದರೂ ಅಲ್ಲಿಯ ಮಳೆಗೂ ಇಲ್ಲಿಯ ಮಳೆಗೂ ಹೋಲಿಕೆಯೇ ಇಲ್ಲ.

ಬಚ್ಚಲ ಒಲೆಯ ಮೇಲೆ

ಹಂಡೆಗೆ ಬೆಂಕಿ ಹಾಕುವ ಮನೆಗಳಲ್ಲಿ ಒಲೆಯ ಮೇಲಿನ ತಂತಿಯೇ ಡ್ರೈಯರ್. ನೀರು ಕಾಯಿಸಲು ಹೇಗೂ ಉರಿಸುವ ಸೌದೆ, ಅದರ ಮಿಕ್ಕ ಶಾಖಕ್ಕೆ ಬೇರೆ ಖರ್ಚಿಲ್ಲ. ತೋಟದಲ್ಲಿ ಸಿಲ್ವರ್ ಓಕ್ ಮರದಿಂದ ಸವರಿದ ಕೊಂಬೆ ಬೇಕಾದಷ್ಟು ಬಿದ್ದಿರುತ್ತದೆ. ನನ್ನ ಅತ್ತೆ ಇಂದಿಗೂ ಇದನ್ನೇ ನಂಬಿದ್ದಾರೆ, ದಪ್ಪ ಕಂಬಳಿ, ತೋಟದ ಬಟ್ಟೆಗೆ ನಾನೂ ಅಲ್ಲಿಗೇ ಹೋಗುತ್ತೇನೆ. ಹೊಗೆ ವಾಸನೆ ಹಿಡಿಯುವುದು ಇದರ ತೊಂದರೆ. ಒಲೆಗೆ ಚಿಮಣಿ ಹಾಕಿಸಿ, ಕೊಳವೆ ಹಾದುಹೋಗುವ ಪಕ್ಕದ ಗೋಡೆಯ ಬಳಿ ತಂತಿ ಕಟ್ಟಿದರೆ ಶಾಖ ಸಿಗುತ್ತದೆ, ಹೊಗೆ ಇಲ್ಲ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೆಂಕಿಯ ನೇರಕ್ಕೆ ಬೇಡವೇ ಬೇಡ.

ಇನ್ನೊಂದು ಮಾತು, ಇದು ಜೀವದ ವಿಚಾರ. ಮಗುವಿನ ಬಟ್ಟೆ ಒಣಗಲಿ ಎಂದು ಇದ್ದಲ ಕೆಂಡವನ್ನು ಬಾಣಲೆಯಲ್ಲಿ ಹಾಕಿ ಮಲಗುವ ಕೋಣೆಯೊಳಗೆ ತಂದು ಬಾಗಿಲು ಮುಚ್ಚುವ ಅಭ್ಯಾಸ ಕೆಲವು ಕಡೆ ಇದೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಒಲೆ, ಹಾಸಿಗೆ ಎಲ್ಲ ಇರುವವರಿಗೆ ಇದನ್ನು ತಿಳಿಸಿ ಹೇಳಬೇಕು. ಅಲ್ಲಿ ಒಣಗಿಸಲು ಒಂದು ಸೂರಿನ ಜಾಗ ಕಟ್ಟಿಸಿಕೊಡುವುದು ತೋಟದವರ ಜವಾಬ್ದಾರಿ ಎಂದೇ ನನ್ನ ಅಭಿಪ್ರಾಯ. ಪಾರದರ್ಶಕ ಶೀಟಿನ ಮಾಡು, ಮೂರು ಕಡೆ ಗೋಡೆ, ಮೇಲೆ ಗಾಳಿ ಹೋಗಲು ಸಂದು ಇದ್ದರೆ ಸಾಕು. ಮಳೆ ಬಿಟ್ಟ ಎರಡು ಗಂಟೆಯ ಬೆಳಕಿಗೂ ಒಳಗೆ ಬೆಚ್ಚಗಾಗುತ್ತದೆ.

ಡ್ರಮ್ ಇರುವ ಯಂತ್ರಗಳು

ಅಂಗಡಿಯಲ್ಲಿ ಸಿಗುವ ಡ್ರೈಯರ್ ಮುಖ್ಯವಾಗಿ ಮೂರು ಬಗೆ.

ವೆಂಟೆಡ್ ಎನ್ನುವುದು ಕೋಣೆಯ ಗಾಳಿಯನ್ನು ಎಳೆದು, ಹೀಟರಿನಲ್ಲಿ ಕಾಯಿಸಿ, ಬಟ್ಟೆಯ ಮೂಲಕ ಹಾಯಿಸಿ, ಆವಿ ಸಮೇತ ಕೊಳವೆಯಲ್ಲಿ ಹೊರಗೆ ಬಿಡುತ್ತದೆ. ಹೊರಗೆ ಎಷ್ಟೇ ತೇವವಿರಲಿ, ಕಾಯಿಸಿದ ಗಾಳಿ ಒಣಗುತ್ತದೆ, ಆದ್ದರಿಂದ ನಮ್ಮ ಮಳೆಗೂ ಇದು ಕೆಲಸ ಮಾಡುತ್ತದೆ. ಬೆಲೆ ಕಡಿಮೆ, ಒಂದು ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಕೆಟ್ಟರೆ ರಿಪೇರಿಯೂ ಸುಲಭ. ಲೀಟರಿಗೆ ಒಂದರಿಂದ 1.2 ಯೂನಿಟ್ ಹಿಡಿಯಿರಿ. ಇದರ ಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಡಲು ಸಾಧ್ಯವಿಲ್ಲದಿದ್ದರೆ ಕೊಳ್ಳಲೇಬೇಡಿ. ಪ್ರತಿ ಸಲ ಮೂರು ಲೀಟರ್ ನೀರನ್ನು ಮನೆಯೊಳಗಿನ ಗಾಳಿಗೆ ಬಿಟ್ಟರೆ ಬಟ್ಟೆಯ ಬೂಸ್ಟು ಗೋಡೆಗೆ, ಗೋಡೆಯಿಂದ ಬೀರುವಿಗೆ ಹೋಗುತ್ತದೆ. ಬಟ್ಟೆಯ ಗೂಡಿನಂತೆ ಕಾಣುವ, ಒಳಗೊಂದು ಹೀಟರ್ ಇರುವ ಅಗ್ಗದ ಸಾಧನಗಳಿಗೂ ಇದೇ ದೋಷ. ಅವುಗಳಲ್ಲಿ ಶಾಖ ಸೋರುವುದೂ ಹೆಚ್ಚು.

ಕಂಡೆನ್ಸರ್ ಡ್ರೈಯರಿಗೆ ಹೊರಗಿನ ಕೊಳವೆ ಬೇಡ, ಆವಿಯನ್ನು ತಣಿಸಿ ನೀರು ಮಾಡಿ ತೊಟ್ಟಿಯಲ್ಲಿ ತುಂಬಿಸುತ್ತದೆ. ವಿದ್ಯುತ್ತು ವೆಂಟೆಡ್‌ನಷ್ಟೇ. ಒಗೆದು ಒಣಗಿಸುವ ಎರಡೂ ಕೆಲಸವನ್ನು ಒಂದೇ ಡ್ರಮ್ಮಿನಲ್ಲಿ ಮಾಡುವ ವಾಷರ್ ಡ್ರೈಯರ್‌ಗಳು ಹೆಚ್ಚಾಗಿ ಇದೇ ಬಗೆಯವು. ಎಂಟು ಕೆಜಿ ಒಗೆದರೆ ಐದು ಕೆಜಿಯಷ್ಟೇ ಒಣಗಿಸಬಲ್ಲವು, ಕೆಲವು ಮಾದರಿಗಳು ಆವಿ ತಣಿಸಲು ನಲ್ಲಿ ನೀರನ್ನೂ ಹರಿಸುತ್ತವೆ. ಜಾಗ ಇಲ್ಲದ ನಗರದ ಫ್ಲ್ಯಾಟಿಗೆ ಅದು ಅನಿವಾರ್ಯವಿರಬಹುದು, ಕೊಡಗಿನ ಮನೆಗೆ ನನ್ನ ಮಟ್ಟಿಗೆ ಬೇಡ.

ಹೀಟ್ ಪಂಪ್ ಬೇರೆಯೇ ಜಾತಿ. ಒಳಗೆ ಫ್ರಿಜ್ಜಿನಂಥ ಕಂಪ್ರೆಸರ್ ಇದೆ. ಆವಿ ಮತ್ತೆ ನೀರಾಗುವಾಗ ತಾನು ಹೊತ್ತು ತಂದ ಶಾಖವನ್ನು ಬಿಟ್ಟುಕೊಡುತ್ತದೆ. ಈ ಯಂತ್ರ ಅದನ್ನು ಹಿಡಿದು ತಿರುಗಿ ಡ್ರಮ್ಮಿಗೇ ಕೊಡುತ್ತದೆ. ಒಂದೇ ಶಾಖ ಸುತ್ತಿ ಸುತ್ತಿ ಕೆಲಸ ಮಾಡುವುದರಿಂದ ಲೀಟರಿಗೆ 0.3ರಿಂದ 0.5 ಯೂನಿಟ್ ಸಾಕಾಗುತ್ತದೆ. ಬಿಸಿ ಕಡಿಮೆ, 50 ಡಿಗ್ರಿಯ ಆಸುಪಾಸು, ಹಾಗಾಗಿ ಬಟ್ಟೆ ಬಾಳಿಕೆ ಬರುತ್ತದೆ. ಸಮಯ ಮಾತ್ರ ಎರಡರಿಂದ ಮೂರು ಗಂಟೆ. ನಮ್ಮಂತೆಯೇ ಬೆಟ್ಟದ ನಾಡಾದ ಸ್ವಿಟ್ಜರ್ಲೆಂಡ್ 2012ರಲ್ಲೇ ಹೊಸ ಡ್ರೈಯರ್‌ಗಳಿಗೆ ಹೀಟ್ ಪಂಪ್ ಮಾತ್ರ ತಲುಪಬಲ್ಲ ಮಟ್ಟವನ್ನು ಕಡ್ಡಾಯ ಮಾಡಿತು. 2025ರ ಜುಲೈಯಿಂದ ಐರೋಪ್ಯ ಒಕ್ಕೂಟದ ನಿಯಮವೂ ಅಲ್ಲಿಗೇ ಬಂದಿದೆ.

ಹಾಗಾದರೆ ಎಲ್ಲರೂ ಹೀಟ್ ಪಂಪ್ ಕೊಳ್ಳಬೇಕೇ? ಲೆಕ್ಕ ಹಾಕಿ ನೋಡೋಣ. ನಾಲ್ಕು ಜನರ ಮನೆ, ದಿನ ಬಿಟ್ಟು ದಿನ ಮೂರು ಲೀಟರ್ ನೀರಿನ ಒಂದು ಲೋಡ್. ತಿಂಗಳಿಗೆ 45 ಲೀಟರ್. ವೆಂಟೆಡ್‌ನಲ್ಲಿ ಸುಮಾರು 50 ಯೂನಿಟ್, ಹೀಟ್ ಪಂಪಿನಲ್ಲಿ 20. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ವ್ಯತ್ಯಾಸ ತಿಂಗಳಿಗೆ 180 ರೂಪಾಯಿ, ಮಳೆಯ ನಾಲ್ಕು ತಿಂಗಳಿಗೆ 720. ಹೀಟ್ ಪಂಪಿನ ಬೆಲೆಯೋ ವೆಂಟೆಡ್‌ನ ಎರಡು ಪಟ್ಟಿಗೂ ಮೇಲೆ. ವರ್ಷಕ್ಕೆ ನಾಲ್ಕೇ ತಿಂಗಳು ಓಡುವ ಮನೆಯಲ್ಲಿ ಆ ಹೆಚ್ಚುವರಿ ದುಡ್ಡು ಬಿಲ್ಲಿನಿಂದ ವಾಪಸ್ ಬರುವಷ್ಟರಲ್ಲಿ ಯಂತ್ರವೇ ಹಳತಾಗಿರುತ್ತದೆ. ಅಂಗಡಿಯವರು ಹೇಳುವ ಉಳಿತಾಯ ವರ್ಷವಿಡೀ ಡ್ರೈಯರ್ ಓಡಿಸುವ ಊರುಗಳ ಲೆಕ್ಕ.

ಗೃಹಜ್ಯೋತಿಯ ಫಲಾನುಭವಿಗಳು ಇನ್ನೊಂದನ್ನು ಗಮನಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. 165 ಯೂನಿಟ್ ಬಳಸುವ ಮನೆಗೆ ವೆಂಟೆಡ್‌ನ 50 ಸೇರಿದರೆ ಗೆರೆ ದಾಟಿತು, ಹೀಟ್ ಪಂಪಿನ 20 ಸೇರಿದರೆ ಒಳಗೇ ಉಳಿಯಿತು. ಅಂಥ ಮನೆಗೆ ಮೇಲಿನ ಲೆಕ್ಕವೇ ತಲೆಕೆಳಗಾಗುತ್ತದೆ. ಹಳೆಯ ಬಿಲ್ಲುಗಳನ್ನು ತೆಗೆದು ಮಳೆಗಾಲದ ನಾಲ್ಕು ತಿಂಗಳ ಅಂಕಿ ನೋಡಿಕೊಳ್ಳಿ.

ವೋಲ್ಟೇಜ್ ಇನ್ನೊಂದು. ಮರ ಬಿದ್ದು, ಲೈನ್ ಹೋಗಿ, ಬಂದರೂ ಬಲ್ಬು ಮಿಣುಕುವಷ್ಟೇ ಬರುವುದು ತೋಟದ ಮನೆಗಳಿಗೆ ಗೊತ್ತಿರುವ ಸಂಗತಿ. 230 ವೋಲ್ಟಿಗೆ 2000 ವಾಟ್ ಕೊಡುವ ಹೀಟರ್ 170 ವೋಲ್ಟಿನಲ್ಲಿ ಸುಮಾರು 1100 ವಾಟ್ ಮಾತ್ರ ಕೊಡುತ್ತದೆ. ಒಣಗಲು ಎರಡರಷ್ಟು ಹೊತ್ತು, ಅಷ್ಟು ಹೊತ್ತೂ ಡ್ರಮ್ಮು ತಿರುಗುತ್ತಲೇ ಇರಬೇಕು. ಹೀಟ್ ಪಂಪಿನ ಕಂಪ್ರೆಸರಿಗೆ ಕಡಿಮೆ ವೋಲ್ಟೇಜೇ ಶತ್ರು, ಸ್ಟೆಬಿಲೈಸರ್ ಇಲ್ಲದೆ ಓಡಿಸಬೇಡಿ. ಆದರೆ ಅದು ಎಳೆಯುವುದು ಸಾಮಾನ್ಯವಾಗಿ ಸಾವಿರ ವಾಟಿನ ಒಳಗೆ. ಹೀಟರ್ ಡ್ರೈಯರನ್ನು ತಾಳದ ಸಣ್ಣ ಜನರೇಟರ್ ಇದನ್ನು ನಡೆಸಬಲ್ಲದು.

ಡ್ರಮ್ ಇಲ್ಲದ ಡ್ರೈಯರ್: ಮುಚ್ಚಿದ ಕೋಣೆ, ಡಿಹ್ಯುಮಿಡಿಫೈಯರ್

ಸಾಧಾರಣ ಕುಟುಂಬಕ್ಕೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಒಂದು ಚಿಕ್ಕ ಕೋಣೆ, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಬೇಕು, ಮೇಲೆ ತಂತಿ, ಕೆಳಗೆ ಗಾಳಿಯ ತೇವವನ್ನು ಎಳೆದು ನೀರು ಮಾಡುವ ಡಿಹ್ಯುಮಿಡಿಫೈಯರ್, ಮೂಲೆಯಲ್ಲಿ ಫ್ಯಾನ್. ದಿನಕ್ಕೆ 12 ಲೀಟರ್ ಎಂದು ಬರೆದಿರುವ ಯಂತ್ರ 200ರಿಂದ 250 ವಾಟ್ ಎಳೆಯುತ್ತದೆ. ಆ 12 ಲೀಟರ್ ಸಾಮಾನ್ಯವಾಗಿ 30 ಡಿಗ್ರಿ ಸೆಖೆಯಲ್ಲಿ, 80ರ ಆರ್ದ್ರತೆಯಲ್ಲಿ ಅಳೆದ ಸಂಖ್ಯೆ. ಮಡಿಕೇರಿಯ ಜುಲೈ ಚಳಿಯಲ್ಲಿ ಅದರ ಅರ್ಧದಷ್ಟು ಸಿಕ್ಕರೆ ಸರಿ. ಹಾಗಾಗಿ ಲೀಟರಿಗೆ ಮುಕ್ಕಾಲರಿಂದ ಒಂದು ಯೂನಿಟ್, ಅಂದರೆ ವೆಂಟೆಡ್‌ಗಿಂತ ಅಂಥ ದೊಡ್ಡ ಉಳಿತಾಯವೇನಿಲ್ಲ. ಆದರೂ ಇದನ್ನು ಮೆಚ್ಚಲು ನನಗೆ ಕಾರಣಗಳಿವೆ. ಜಗಲಿಯಲ್ಲಿ ಅರೆ ಒಣಗಿದ ಬಟ್ಟೆಯ ಕೊನೆಯ ಒಂದು ಲೀಟರನ್ನು ಮಾತ್ರ ಇದಕ್ಕೆ ಬಿಟ್ಟರೆ ಲೋಡಿಗೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ತೆಗೆದ ಆವಿಯ ಶಾಖ ಕೋಣೆಯಲ್ಲೇ ಉಳಿಯುವುದರಿಂದ ಕೋಣೆ ಬೆಚ್ಚಗಾಗುತ್ತದೆ. ಅದೇ ಕೋಣೆಯಲ್ಲಿ ಬೀರು ಇಟ್ಟರೆ ರೇಷ್ಮೆ ಸೀರೆ, ಕುಪ್ಯ (ಕೊಡವ ಗಂಡಸರ ನಿಲುವಂಗಿ), ಚರ್ಮದ ಶೂ, ಜಮೀನಿನ ಕಾಗದಪತ್ರ ಎಲ್ಲಕ್ಕೂ ಬೂಸ್ಟಿನಿಂದ ರಕ್ಷಣೆ. ಮನೆಯ ಇನ್ವರ್ಟರಿಗೂ ಇದು ಭಾರವಲ್ಲ. ಕಿಟಕಿ ಸಂದಿಯಿಂದ ಗಾಳಿ ಬರುತ್ತಿದ್ದರೆ ಮಾತ್ರ ಊರಿನ ಮಂಜನ್ನೆಲ್ಲ ಒಣಗಿಸಲು ಹೊರಟಂತೆ, ಮೀಟರ್ ಓಡುತ್ತದೆ, ಬಟ್ಟೆ ಒಣಗುವುದಿಲ್ಲ.

ರೂಮ್ ಹೀಟರ್ ಇಟ್ಟು ಒಣಗಿಸುವುದು, ಹಸಿ ಬಟ್ಟೆಗೆ ಇಸ್ತ್ರಿ ಒತ್ತಿ ಒಣಗಿಸುವುದು, ಎರಡೂ ಎಲ್ಲಕ್ಕಿಂತ ದುಬಾರಿ.

ಯಾರಿಗೆ ಯಾವುದು

ದಿನಕ್ಕೆ ಎರಡು ಮೂರು ಲೋಡ್ ಹಾಸು ಹೊದಿಕೆ, ಟವಲು ಒಗೆಯುವ ಹೋಂಸ್ಟೇಗೆ ಹೀಟ್ ಪಂಪ್, ಯೋಚಿಸುವುದೇ ಬೇಡ. ನಾನು ಕೊಂಡದ್ದೂ ಹೋಂಸ್ಟೇಗಾಗಿಯೇ. ಪುಟ್ಟ ಮಗು ಅಥವಾ ಹಾಸಿಗೆ ಹಿಡಿದ ಹಿರಿಯರು ಇರುವ ಮನೆಗೂ, ಬಳಕೆ 200 ಯೂನಿಟ್ಟಿನ ಅಂಚಿನಲ್ಲಿದ್ದರೆ, ಅದೇ. ಬಳಕೆ ಕಡಿಮೆಯಿದ್ದು ಮಳೆಯಲ್ಲಿ ವಾರಕ್ಕೆ ಎರಡು ಸಲ ಮಾತ್ರ ಅವಸರಕ್ಕೆ ಬೇಕಾದರೆ ವೆಂಟೆಡ್ ತಪ್ಪಲ್ಲ. ವಿರಾಜಪೇಟೆ, ಗೋಣಿಕೊಪ್ಪದ ಪೇಟೆ ಮನೆಗಳಿಗೆ ಒಳ್ಳೆಯ ಸ್ಪಿನ್, ಫ್ಯಾನ್, ಡಿಹ್ಯುಮಿಡಿಫೈಯರ್ ಕೋಣೆ ಸಾಕು. ಸೌದೆ ಒಲೆ ಇರುವವರು ಚಿಮಣಿಗೆ ದುಡ್ಡು ಹಾಕಿ.

ಡ್ರೈಯರ್ ಈಗಾಗಲೇ ಮನೆಯಲ್ಲಿದ್ದರೆ

ನೂಲು ಹಿಡಿಯುವ ಜಾಲರಿಯನ್ನು ಪ್ರತಿ ಲೋಡಿಗೂ ಶುಚಿ ಮಾಡಿ. ಅದು ಕಟ್ಟಿಕೊಂಡರೆ ಗಾಳಿ ಹರಿಯದೆ ಹೊತ್ತು ಹೆಚ್ಚುತ್ತದೆ, ಹೀಟರ್ ಯಂತ್ರದಲ್ಲಿ ಬೆಂಕಿಯ ಅಪಾಯವೂ ಇದೆ. ವೆಂಟೆಡ್ ಕೊಳವೆ ಗಿಡ್ಡವಾಗಿ, ನೇರವಾಗಿ ಇರಲಿ. ಸುಕ್ಕುಸುಕ್ಕಾದ ಉದ್ದನೆಯ ಕೊಳವೆಯ ಹೊಟ್ಟೆಯಲ್ಲಿ ನೀರು ನಿಂತು ದಾರಿಯೇ ಮುಚ್ಚಿಹೋಗುತ್ತದೆ. ದಪ್ಪ ಬಟ್ಟೆ, ತೆಳ್ಳಗಿನ ಬಟ್ಟೆ ಬೇರೆ ಬೇರೆ ಲೋಡ್ ಮಾಡಿ, ಇಲ್ಲದಿದ್ದರೆ ಒಂದು ಜೀನ್ಸಿಗಾಗಿ ಹತ್ತು ಅಂಗಿ ಒಂದು ಗಂಟೆ ಹೆಚ್ಚು ತಿರುಗುತ್ತವೆ. ನಿಮಿಷ ಇಡುವ ಟೈಮರಿಗಿಂತ ತೇವ ನೋಡಿ ತಾನೇ ನಿಲ್ಲುವ ಸೆನ್ಸರ್ ಪ್ರೋಗ್ರಾಂ ಬಳಸಿ, ಡ್ರಮ್ಮಿನೊಳಗಿನ ಸೆನ್ಸರಿನ ಲೋಹದ ಪಟ್ಟಿಯನ್ನು ತಿಂಗಳಿಗೊಮ್ಮೆ ಒರೆಸಿ. ಇಸ್ತ್ರಿಗೆ ಹೋಗುವ ಬಟ್ಟೆಯನ್ನು ಚೂರು ತೇವವಿರುವಾಗಲೇ ತೆಗೆಯಿರಿ. ಎರಡು ಲೋಡ್ ಇದ್ದರೆ ಒಂದರ ಬೆನ್ನಿಗೇ ಇನ್ನೊಂದು ಹಾಕಿ, ಬಿಸಿಯಾದ ಡ್ರಮ್ಮು ಸುಮ್ಮನೆ ತಣಿಯದಿರಲಿ. ತೊಟ್ಟಿಯಲ್ಲಿ ಸೇರುವ ನೀರಿನಲ್ಲಿ ನೂಲಿನ ಪುಡಿ, ಸೋಪಿನ ಅಂಶ ಇರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕಬೇಡಿ, ನೆಲ ಒರೆಸಲು ಬಳಸಿ.

ತುಲಾ ಸಂಕ್ರಮಣ ಕಳೆದು ಮಳೆ ನಿಂತು ಬಿಸಿಲು ಬಂದ ಮೇಲೆ ಯಂತ್ರವನ್ನು ಹಾಗೇ ಬಿಡಬೇಡಿ. ಹೀಟ್ ಪಂಪಿನ ಕೆಳಗಿನ ರೆಕ್ಕೆಗಳಲ್ಲಿ ಕುಳಿತ ನೂಲನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ತೊಟ್ಟಿ ಖಾಲಿ ಮಾಡಿ, ಬಾಗಿಲು ಎರಡು ಬೆರಳಷ್ಟು ತೆರೆದು, ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ. ಪ್ಲಾಸ್ಟಿಕ್ ಬೇಡ. ವೆಂಟೆಡ್ ಕೊಳವೆಯ ಹೊರಬಾಯಿಗೆ ತಂತಿ ಬಲೆ ಕಟ್ಟಿ, ಇಲ್ಲದಿದ್ದರೆ ಕಾಫಿ ಕೊಯ್ಲಿನ ಹೊತ್ತಿಗೆ ಇಲಿ ಅಲ್ಲಿ ಗೂಡು ಮಾಡಿರುತ್ತದೆ. ಮುಂದಿನ ಜೂನಿನಲ್ಲಿ ಸ್ವಿಚ್ ಹಾಕುವ ಮೊದಲು ಆ ಬಲೆ ಬಿಚ್ಚಬೇಕೆಂದು ಡ್ರೈಯರಿನ ಬಾಗಿಲಿಗೇ ಒಂದು ಚೀಟಿ ಅಂಟಿಸಿಡಿ.